ಹುಟ್ಟುವ ಮೊದಲಿನ ಎರಡು ಹಾಳೆ

ನಮ್ಮ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗಕ್ಕೆ ಹೊಸದಾಗಿ ಸೇರಿದವರು ಯಾರಾದರೂ ಬಾಯಿತಪ್ಪಿ “ಸುಮಾರು ಹತ್ತು ಮಿಲಿಮೀಟರ್ ಇದೆ” ಎಂದರೆ ಸಾಕು, ಹಳಬರಾದ ನಾವು ನಾಲ್ಕೈದು ಜನ ಒಟ್ಟಿಗೆ ತಲೆಯೆತ್ತಿ ಬಾಗಿಲ ಕಡೆ ನೋಡುತ್ತೇವೆ. ‘ಸುಮಾರು’ ಎಂಬ ಪದವನ್ನು ಆ ಕೋಣೆಯಿಂದ ಹೊರಹಾಕಿದ ಮನುಷ್ಯ ಎಲ್ಲಿ ನುಗ್ಗಿ ಬಂದುಬಿಡುತ್ತಾರೋ ಎಂಬ ಭಯ. ಅವರು ನಿವೃತ್ತರಾಗಿ ಒಂದು ವರ್ಷದ ಮೇಲಾಯಿತು. ಒಂದು ವರ್ಷ ಎರಡು ತಿಂಗಳು ಎಂದೇ ಬರೆಯುತ್ತೇನೆ, ಇಲ್ಲದಿದ್ದರೆ ಫೋನು ಮಾಡಿ ಉಗಿಯುತ್ತಾರೆ.

ಅವರ ಹೆಸರು ಹಾಕುವುದಿಲ್ಲ. ಹಾಕಿದರೆ ಹೆಸರಿನ ಒಂದಕ್ಷರ ಸರಿಯಿಲ್ಲ ಎಂದು ತಗಾದೆ ತೆಗೆಯುವ ಜಾತಿ. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ತಮಿಳಿನವರು ಅಣ್ಣೇ ಅನ್ನುತ್ತಿದ್ದರು, ತೆಲುಗಿನವರು ಅನ್ನಾ ಅನ್ನುತ್ತಿದ್ದರು. ಬೆನ್ನ ಹಿಂದೆ ಮೂರು ಭಾಷೆಯವರೂ ಒಟ್ಟಾಗಿ ‘ರಿಜೆಕ್ಟು’ ಅನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

ನೋಡಲು ಎತ್ತರದ ಆಳು. ಎತ್ತರಕ್ಕಿಂತ ಕಣ್ಣಿಗೆ ಹೊಡೆಯುತ್ತಿದ್ದದ್ದು ಅವರ ಕೈಗಳು. ಅಷ್ಟುದ್ದದ ಕೈಗಳನ್ನು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ. ಕಂಪನಿ ಕೊಡುವ ತುಂಬುತೋಳಿನ ಅಂಗಿ ಅವರಿಗೆ ಯಾವತ್ತೂ ನಾಲ್ಕು ಬೆರಳು ಸಾಲದೇ ಬರುತ್ತಿತ್ತು. ಕುರ್ಚಿಯಲ್ಲಿ ಕೂತಲ್ಲಿಂದಲೇ ಬೀರುವಿನ ಮೇಲಿನ ಡಬ್ಬ ಇಳಿಸುತ್ತಿದ್ದರು, ಕೂತಲ್ಲಿಂದಲೇ ಫ್ಯಾನಿನ ಸ್ವಿಚ್ಚು ಹಾಕುತ್ತಿದ್ದರು.

ನಮ್ಮದು ಹಿರಿಯೂರು ಕಡೆ. ಗಂಡನ ಕೆಲಸದ ಹಿಂದೆ ಗಡಿ ದಾಟಿ ತಮಿಳುನಾಡಿನ ಹೊಸೂರಿಗೆ ಬಂದು ಆಲಸನತ್ತಂನಲ್ಲಿ ಮನೆ ಹಿಡಿದಾಗ ನನಗೆ ತಮಿಳಿನ ಒಂದಕ್ಷರವೂ ಬರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ಬೋರ್ಡು ಓದಲಾಗದೆ ತಪ್ಪು ಬಸ್ಸು ಹತ್ತಿ ಡೆಂಕಣಿಕೋಟೆಗೆ ಹೋಗಿ ಇಳಿದು, ಅಲ್ಲಿಂದ ಅಳುತ್ತ ಆಫೀಸಿಗೆ ಫೋನು ಮಾಡಿದೆ. ಫೋನು ಎತ್ತಿದವರು ಅಣ್ಣ.

“ಅಳ್ಬ್ಯಾಡ ಕಣಮ್ಮ. ಅಲ್ಲೊಂದು ಟೀ ಕುಡ್ದು ಅದೇ ಬಸ್ನಾಗೆ ವಾಪಸ್ ಬಾ. ಕಾಡಿನ್ ಆನೇನೇ ದಾರಿ ಕೇಳ್ದೆ ಹೊಲುಕ್ ಬತ್ತದೆ, ನೀನ್ ಮನುಸ್ಯಳು, ಬಾಯೈತೆ, ಕೇಳ್ಕೊಂಡ್ ಬಾ” ಅಂದರು. ಮಾರನೆಯ ದಿನ ನನ್ನ ಮೇಜಿನ ಮೇಲೆ ಒಂದು ಕಾಗದ. ನಾನು ಹತ್ತಬಹುದಾದ ಬಸ್ಸುಗಳ ಹೆಸರು ತಮಿಳಿನಲ್ಲಿ, ಪಕ್ಕದಲ್ಲಿ ಕನ್ನಡದಲ್ಲಿ, ಕೆಳಗೆ ಅವರ ಸಹಿ ಮತ್ತು ‘ಪರಿಶೀಲಿಸಲಾಗಿದೆ’ ಎಂಬ ಮೊಹರು!

ಅವರ ಕೆಲಸವೆಂದರೆ ಬಂದ ಬಿಡಿಭಾಗಗಳನ್ನು ಅಳೆಯುವುದು. ಸರಿಯಿದ್ದರೆ ಹಸಿರು ಚೀಟಿ, ತಪ್ಪಿದ್ದರೆ ಕೆಂಪು ಚೀಟಿ, ಅನುಮಾನವಿದ್ದರೆ ಹಳದಿ. ಹಳದಿ ಬಿದ್ದ ಮಾಲನ್ನು ತೀರ್ಮಾನವಾಗುವ ತನಕ ಯಾರೂ ಮುಟ್ಟುವಂತಿಲ್ಲ, ಮೇಲಿನ ಅಧಿಕಾರಿ ಬಂದು ನಿಂತರೂ. ಈ ಚೀಟಿಗಳ ಚಟ ಕಾರ್ಖಾನೆಗಷ್ಟೇ ಇದ್ದಿದ್ದರೆ ಬಚಾವಾಗುತ್ತಿದ್ದೆವು. ಕ್ಯಾಂಟೀನಿನಲ್ಲಿ ರಾಗಿ ಮುದ್ದೆಯನ್ನು ತಟ್ಟೆಯಲ್ಲಿ ಒಂದು ಸುತ್ತು ಉರುಳಿಸಿ, “ಗುಂಡಗಿಲ್ಲ, ಆದ್ರೂ ಪಾಸು, ಹಸಿವಾಗೈತೆ” ಅನ್ನುತ್ತಿದ್ದರು. ನನ್ನ ತಂಗಿಗೆ ಗಂಡು ನೋಡುವ ಸುದ್ದಿ ಬಂದಾಗ, “ಬಂದ್ ತಕ್ಷಣ ಅಳ್ದು ನೋಡ್ಬುಡಮ್ಮ. ಒಳಕ್ ತಗಂಡ್ ಮ್ಯಾಕೆ ರಿಟರ್ನ್ ಕಳ್ಸಾದು ಬಲೇ ಕಷ್ಟ” ಎಂದು ಉಪದೇಶ ಮಾಡಿದರು. ಅಂಥವರು ಅಂಚೆಚೀಟಿ ಸಂಗ್ರಹಿಸಲು ಕೂತರೆ ಹೇಗಿರಬಹುದು?

ಬಹಳ ಹಿಂದೆ ಕಂಪನಿಗೆ ಬರುತ್ತಿದ್ದ ಪರದೇಶದ ಕಾಗದಗಳ ಲಕೋಟೆ ಕತ್ತರಿಸಿ ಶುರು ಮಾಡಿದರಂತೆ. ಸಿಕ್ಕಿದ್ದೆಲ್ಲ ಬಿಸ್ಕತ್ತಿನ ಡಬ್ಬದಲ್ಲಿ. ಒಂದು ದಿನ ಡಬ್ಬ ಮಗುಚಿ ನೋಡಿದರೆ ಅವರಿಗೇ ಅಸಹ್ಯವಾಯಿತಂತೆ. “ಇದೇನ್ ಸಂಗ್ರಹಾನಾ, ಗುಜರಿನಾ? ಎಲ್ಲಿಂದ ಎಲ್ಲೀಗಂಟ ಅಂತ ಒಂದು ಗೆರೆ ಬ್ಯಾಡ್ವಾ?” ಎಂದು ತಮ್ಮನ್ನು ತಾವೇ ಬೈದುಕೊಂಡು ಗೆರೆ ಎಳೆದರು. ನಮ್ಮ ದೇಶದ ಚೀಟಿ ಮಾತ್ರ. ಅದೂ ಅವರು ಹುಟ್ಟಿದ ವರ್ಷದಿಂದ ನಿವೃತ್ತಿಯ ವರ್ಷದವರೆಗೆ ಮಾತ್ರ. ವರ್ಷಕ್ಕೊಂದು ಹಾಳೆ. ಹಾಳೆಯ ತುಂಬ ಆ ವರ್ಷದ ಚೀಟಿಗಳು, ಕೆಳಗೆ ಪೆನ್ಸಿಲಿನಲ್ಲಿ ಆ ವರ್ಷ ಅವರ ಬಾಳಿನಲ್ಲಿ ಏನಾಯಿತು ಎಂದು ಒಂದೇ ಒಂದು ಸಾಲು. ‘ಮದುವೆ. ಊಟಕ್ಕೆ ಉಪ್ಪು ಹೆಚ್ಚಾಗಿತ್ತು.’ ‘ಮೊದಲ ಮಗಳು. ಮೂರು ಕೆ.ಜಿ. ನೂರು ಗ್ರಾಂ.’ ‘ವಿಶೇಷವಿಲ್ಲ.’ ಈ ‘ವಿಶೇಷವಿಲ್ಲ’ ಎಂಬ ಸಾಲು ಏಳೆಂಟು ಹಾಳೆಗಳಲ್ಲಿತ್ತು, ನನಗೆ ಅವೇ ಹೆಚ್ಚು ಇಷ್ಟ. ನಮ್ಮೆಲ್ಲರ ಬಾಳಿನಲ್ಲೂ ಅಂಥ ವರ್ಷಗಳೇ ತಾನೇ ಹೆಚ್ಚು, ಹೇಳಿಕೊಳ್ಳುವ ಧೈರ್ಯ ಅವರಿಗಿತ್ತು.

ಚೀಟಿಯ ಅಂಚಿನ ಹಲ್ಲುಗಳನ್ನು ಅವರು ಕಾರ್ಖಾನೆಯ ಬಿಡಿಭಾಗ ಅಳೆಯುವ ವರ್ನಿಯರ್ ಮಾಪಕವನ್ನೇ ಇಟ್ಟು ಅಳೆಯುತ್ತಿದ್ದರು. ಒಂದು ಹಲ್ಲು ಮುರಿದಿದ್ದರೂ ಕೆಂಪು. ನಾನು ಒಂದು ಸಲ ಅಪ್ಪನ ಹಳೇ ಕಾಗದಗಳಿಂದ ಚಂದದ ಚೀಟಿ ಬಿಡಿಸಿ ತಂದುಕೊಟ್ಟೆ. ಭೂತಗನ್ನಡಿಯಲ್ಲಿ ನೋಡಿ, “ಚೀಟಿ ಚೆನ್ನಾಗೈತೆ, ಬಿಡ್ಸಿರೋಳು ಚೆನ್ನಾಗಿಲ್ಲ” ಎಂದು ವಾಪಸ್ಸು ಕೊಟ್ಟರು. ಆ ಕೋಪಕ್ಕೆ ಎರಡು ದಿನ ಮಾತು ಬಿಟ್ಟಿದ್ದೆ. ಅವರಿಗೆ ಅದು ತಿಳಿಯಲೇ ಇಲ್ಲ ಅನ್ನುವುದು ಬೇರೆ ಮಾತು.

ಅವರ ನಿವೃತ್ತಿಗೆ ಎರಡು ತಿಂಗಳಿತ್ತು. ಕೃಷ್ಣಗಿರಿಯಲ್ಲಿ ಅಂಚೆಚೀಟಿ ಪ್ರದರ್ಶನ ನಡೆಯುತ್ತದೆ, ಜುಲೈಯಲ್ಲಿ, ಯಾರು ಬೇಕಾದರೂ ಇಡಬಹುದು ಎಂದು ಸುದ್ದಿ ಬಂತು. ಅರ್ಜಿ ತುಂಬಲು ನನ್ನ ಮೇಜಿಗೆ ಬಂದರು. ಹೆಸರು, ವಿಳಾಸ ಎಲ್ಲ ಆಯಿತು. ಆಮೇಲೊಂದು ಖಾನೆ: ಸಂಗ್ರಹ ಯಾವ ವರ್ಷದಿಂದ ಯಾವ ವರ್ಷದವರೆಗೆ, ಮತ್ತು ಏಕೆ.

“ಹುಟ್ಟಿದ ವರ್ಷ ಹೇಳಿ ಅಣ್ಣ, ಬರ್ಕೋತೀನಿ” ಅಂದೆ.

ಅಳತೆ ಕೇಳಿದರೆ ಅರೆಗಳಿಗೆ ತಡೆಯದ ಮನುಷ್ಯ! ಎದ್ದು ಹೋಗಿ ನೀರು ಕುಡಿದು ಬಂದರು.

“ಕಾಗುದ್ದಾಗಿರೋದು ಬೇಕಾ, ನಿಜವಾದ್ದು ಬೇಕಾ?”

ಆಗ ಹೊರಬಿತ್ತು ಕಥೆ. ಅವರದು ಗುಮ್ಮಳಾಪುರ, ಡೆಂಕಣಿಕೋಟೆ ಕಡೆಯ ಕನ್ನಡ ಮಾತಿನ ಹಳ್ಳಿ. ನಾಲ್ಕು ವರ್ಷದ ಮಗುವಾಗಿದ್ದಾಗ ಅಪ್ಪ ಇವರನ್ನೂ ಕರೆದುಕೊಂಡು ಹೊಲಕ್ಕೆ ಹೋಗುವ ದಾರಿಯಲ್ಲಿ ಶಾಲೆಯ ಮುಂದೆ ನಿಂತು ಮೇಷ್ಟ್ರ ಹತ್ತಿರ ಲೋಕಾಭಿರಾಮ ಮಾತಾಡುತ್ತಿದ್ದರಂತೆ. ಮೇಷ್ಟ್ರಿಗೆ ಒಂದನೇ ತರಗತಿಗೆ ಮಕ್ಕಳು ಸಾಲದಾಗಿದ್ದರು. ಆಗಿನ ಕಾಲದಲ್ಲಿ ಹುಟ್ಟಿದ ದಿನ ಯಾರ ಹತ್ತಿರ ಬರೆದಿಟ್ಟಿರುತ್ತಿತ್ತು? ಒಂದೇ ಪರೀಕ್ಷೆ. ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ವಯಸ್ಸು ಆಯಿತು, ಇಲ್ಲವಾದರೆ ಮುಂದಿನ ವರ್ಷ ಬಾ. ಮೇಷ್ಟ್ರು ತಮಾಷೆಗೆ “ಎಲ್ಲಿ ಮುಟ್ಲಾ” ಅಂದರಂತೆ. ನಮ್ಮ ಅಣ್ಣನ ಕೈ ಕಿವಿ ಮುಟ್ಟಿದ್ದಲ್ಲ, ಕಿವಿ ದಾಟಿ ಕೆನ್ನೆ ತುರಿಸಿತು. “ಈ ಕೈಗೆ ಆರು ವರ್ಸ ತುಂಬೈತೆ ಗೌಡಾ” ಎಂದು ಮೇಷ್ಟ್ರು ಜೂನ್ ಒಂದು, ಅರವತ್ತಾರು ಎಂದು ಬರೆದೇ ಬಿಟ್ಟರು. ಅಣ್ಣ ನಿಜವಾಗಿ ಹುಟ್ಟಿದ್ದು ಅರವತ್ತೆಂಟರಲ್ಲಿ. ಅವರ ದೊಡ್ಡಮ್ಮನ ಮಗಳು ಅವರಿಗಿಂತ ಹತ್ತು ದಿನಕ್ಕೆ ಕಿರಿಯಳು, ಡೆಂಕಣಿಕೋಟೆ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದವಳು, ಅವಳ ಕಾಗದ ಈಗಲೂ ಇದೆ. ಹಾಗಾಗಿ ಅನುಮಾನಕ್ಕೆ ಜಾಗವೇ ಇಲ್ಲ.

ನಾನು ನಕ್ಕೆ, ಜೋರಾಗಿ ನಕ್ಕೆ. ಪಕ್ಕದ ಮೇಜಿನವರು ಏನೆಂದು ಕೇಳಿ ಅವರೂ ನಕ್ಕರು. ಅರ್ಧ ಗಂಟೆಯಲ್ಲಿ ಇಡೀ ವಿಭಾಗ ತಲೆಯ ಮೇಲೆ ಕೈಹಾಕಿ ಕಿವಿ ಮುಟ್ಟಿ ನೋಡಿಕೊಳ್ಳುತ್ತಿತ್ತು. ಅಣ್ಣನೂ ನಕ್ಕರು, ಆದರೆ ಸ್ವಲ್ಪ ತಡವಾಗಿ.

“ನಗು ಕಣಮ್ಮ, ನಗು. ಮೂವತ್ತೈದು ವರ್ಸ ಒಂದ್ ತಪ್ಪು ಅಳತೆಗೆ ನಾನು ಸಹಿ ಹಾಕಿಲ್ಲ. ನಂದೇ ಅಳತೆ ತಪ್ಪೈತೆ, ಅದುಕ್ ಸರ್ಕಾರದ್ ಮೊಹರು ಬೇರೆ!”

ಹಿಂದಿನ ವರ್ಷವೇ ಅವರು ಆಡಳಿತ ವಿಭಾಗಕ್ಕೆ ಹೋಗಿ, ನನಗಿನ್ನೂ ಎರಡು ವರ್ಷ ಸೇವೆ ಉಳಿದಿದೆ ಎಂದು ಕೇಳಿದ್ದರಂತೆ. ಅಲ್ಲಿನ ಹೆಣ್ಣುಮಗಳು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ಸರ್ಟಿಫಿಕೇಟ್‌ಲ ಎನ್ನ ಇರುಕ್ಕೋ ಅದುದಾನ್ ವಯಸ್ಸು ಸಾರ್” ಅಂದಳಂತೆ. ಕಾಗದದಲ್ಲಿ ಏನಿದೆಯೋ ಅದೇ ವಯಸ್ಸು. ಅದನ್ನು ಹೇಳುವಾಗ ಅಣ್ಣನ ಮುಖ ನೋಡಲಾಗಲಿಲ್ಲ. ಅವರಿಗೆ ಕೆಲಸವೆಂದರೆ ಜೀವ. ಎರಡು ವರ್ಷ ಮೊದಲೇ ಮನೆಗೆ ಕಳಿಸುತ್ತಿದ್ದಾರೆ, ಅದೂ ಕೈ ಉದ್ದವಿದ್ದ ತಪ್ಪಿಗೆ.

ಅರ್ಜಿಯ ಖಾನೆ ಖಾಲಿಯೇ ಉಳಿಯಿತು. ಅರವತ್ತಾರು, ಅರವತ್ತೇಳರ ಹಾಳೆಗಳು ಸಿದ್ಧವಿದ್ದವು, ಚೀಟಿಗಳೂ ಅಂಟಿದ್ದವು, ಕೆಳಗೆ ಪೆನ್ಸಿಲಿನ ಸಾಲು ಮಾತ್ರ ಇರಲಿಲ್ಲ. ಇರದ ಮನುಷ್ಯ ಏನು ಬರೆದಾನು? ಎರಡಕ್ಕೂ ಅಣ್ಣ ಹಳದಿ ಚೀಟಿ ಸಿಕ್ಕಿಸಿದ್ದರು.

“ಇರ್ಲಿ ಬಿಡಿ ಅಣ್ಣ. ಎರಡು ವರ್ಷದ ಚೀಟಿ ಚೆನ್ನಾಗಿದಾವೆ, ಸುಮ್ನೆ ಇಡಿ” ಅಂದೆ.

“ಹೆಂಗಿಡಾದು? ಇದು ನನ್ ವರ್ಸಗಳ ಸಂಗ್ರಹ ಅಂತ ಬರ್ದು, ನಾನಿಲ್ದೇ ಇರೋ ವರ್ಸ ಇಟ್ರೆ ಅದು ಸುಳ್ಳು ಸಹಿ.”

“ಹಂಗಾದ್ರೆ ತೆಗೀರಿ.”

“ತೆಗುದ್ರೆ ಕೊನೆ ಕೆಡ್ತದೆ. ಸುರು ನಿಜವಾದ್ ಲೆಕ್ಕುದ್ದು, ಕೊನೆ ಕಾಗುದುದ್ ಲೆಕ್ಕುದ್ದು. ಎಲ್ಡ್ ತುದೀಗೂ ಒಂದೇ ಗೇಜ್ ಇರ್ಬೇಕು ಕಣಮ್ಮ. ಈ ತುದಿ ಒಂದ್ರಲ್ಲಿ, ಆ ತುದಿ ಇನ್ನೊಂದ್ರಲ್ಲಿ ಅಳುದ್ರೆ ಅದುನ್ನ ಯಾರು ಪಾಸ್ ಮಾಡ್ತಾರೆ?”

ಇದು ಒಂದು ದಿನದ ಮಾತಲ್ಲ. ಏಪ್ರಿಲ್ ಪೂರ್ತಿ, ಮೇ ಅರ್ಧ ಇದೇ ಪಾರಾಯಣ. ಇಡಬೇಕು ಅನ್ನುವವರದೊಂದು ಗುಂಪು, ತೆಗೆಯಬೇಕು ಅನ್ನುವವರದೊಂದು ಗುಂಪು. ಕ್ಯಾಂಟೀನಿನಲ್ಲಿ ಬಡಿಸುವವರು ಕೂಡ “ಏನಾಯ್ತಣ್ಣ ನಿಮ್ಮೆರಡ್ ವರ್ಸ?” ಎಂದು ಕೇಳಿಯೇ ಸಾರು ಹಾಕುತ್ತಿದ್ದರು. ನನಗೆ ಮೊದಮೊದಲು ಮಜವೆನಿಸಿತು, ಆಮೇಲೆ ರೇಗತೊಡಗಿತು, ಕೊನೆಗೆ ಸಂಕಟವಾಯಿತು. ಅರ್ಜಿ ಕಳಿಸಲು ಉಳಿದದ್ದು ನಾಲ್ಕೇ ದಿನ. ಈ ಮನುಷ್ಯ ಇಷ್ಟು ವರ್ಷ ಒಂದೊಂದೇ ಹಲ್ಲು ಅಳೆದು ಕೂಡಿಸಿದ್ದನ್ನು, ಎಲ್ಲಿಂದ ಶುರು ಎಂದು ತೀರ್ಮಾನವಾಗದೆ ಬೀರುವಿನಲ್ಲೇ ಇಟ್ಟುಬಿಡುತ್ತಾರೆ ಎಂದು ನನಗೆ ಖಾತ್ರಿಯಾಯಿತು.

“ನಿಮ್ಮವ್ವನ್ನ ಒಂದ್ಸಲ ಕೇಳಿ ನೋಡಿ ಅಣ್ಣ” ಅಂದೆ. ಬೇರೇನೂ ತೋಚದೆ ಹೇಳಿದ ಮಾತು ಅಷ್ಟೆ.

“ಅವ್ವುನ್ ಏನ್ ಕೇಳಾದು? ಓದು ಬರಹ ಬರಾಕಿಲ್ಲ” ಅಂದರು. ಆಮೇಲೆ ಅವರಿಗೇ ಏನನ್ನಿಸಿತೋ, “ಭಾನುವಾರ ಬಾ. ಮಾವಿನಣ್ಣು ಬಂದೈತೆ, ಊಟ ಮಾಡ್ಕೊಂಡ್ ಹೋಗೀವಂತೆ” ಅಂದರು.

ಭಾನುವಾರ ಗಂಡನ ಸ್ಕೂಟರಿನ ಹಿಂದೆ ಕೂತು ಗುಮ್ಮಳಾಪುರಕ್ಕೆ ಹೋದೆ. ಅಣ್ಣನ ಹೆಂಡತಿ ಒಳಗೆ ಮುದ್ದೆ ಕೂಡಿಸುತ್ತಿದ್ದರು. ಜಗಲಿಯ ಮೇಲೆ ಅಣ್ಣನ ಅವ್ವ, ನಮಗೆ ಅಜ್ಜಿ, ಕಾಲು ಚಾಚಿ ಕೂತು ಹುಣಿಸೆ ಬೀಜ ಬಿಡಿಸುತ್ತಿದ್ದರು. ಎಪ್ಪತ್ತೈದು ದಾಟಿದ ಜೀವ, ಗಿಡ್ಡ ಕೈ, ಗಟ್ಟಿ ಗಂಟಲು. ಅಣ್ಣನ ಕೈಯುದ್ದ ಅಪ್ಪನ ಕಡೆಯಿಂದ ಬಂದದ್ದು ಎಂದು ನೋಡಿದ ಕೂಡಲೇ ತಿಳಿಯಿತು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು.

ಉಪ್ಸಾರು, ಮುದ್ದೆ, ಮೇಲೆ ಸೀಕರಣೆ. ಊಟವಾದ ಮೇಲೆ ಅಣ್ಣ ಆ ಎರಡು ಹಾಳೆಗಳನ್ನು ಮಂಚದ ಮೇಲೆ ಹರಡಿ, ಎಳೇ ಮಗುವಿಗೆ ಹೇಳಿಕೊಡುವಂತೆ ಎಲ್ಲವನ್ನೂ ವಿವರಿಸಿದರು. ಯಾವ ವರ್ಷದಿಂದ, ಯಾವ ವರ್ಷದವರೆಗೆ, ಎರಡು ತುದಿಗೂ ಯಾಕೆ ಒಂದೇ ಗೇಜ್ ಇರಬೇಕು. ಅಜ್ಜಿ ಹೂಂ ಹೂಂ ಎಂದು ಕೇಳಿದರು.

“ಅದುಕೇ ಈ ಎಲ್ಡ್ ವರ್ಸ ಸುಳ್ಳು ಕಣವ್ವ. ಮೇಷ್ಟ್ರು ಬರ್ದಿದ್ದು. ಅದ್ರಾಗೆ ಯಾರೂ ಇಲ್ಲ” ಎಂದು ಅಣ್ಣ ಮುಗಿಸಿದರು.

ಅಜ್ಜಿ ಹುಣಿಸೆಹಣ್ಣು ಕೆಳಗಿಟ್ಟರು.

“ಯಾರೂ ಇಲ್ವಾ? ಅಲ್ಲ ಕಣ್ಲಾ, ನೀನ್ ಹುಟ್ಟಿದ್ ಮ್ಯಾಕೇನಾ ಹೊತ್ತು ಮೂಡಿದ್ದು? ಅದುಕ್ ಮುಂಚೆ ಲೋಕ್ವೆಲ್ಲ ಕತ್ಲಾಗಿತ್ತಾ? ನಾನಿದ್ನಲ್ಲಾ!”

ಅಣ್ಣ ಮತ್ತೆ ಮೊದಲಿಂದ ವಿವರಿಸಲು ಹೊರಟರು.

“ಬಾರವ್ವಾ ಇಲ್ಲಿ, ನೀನ್ ಕೇಳು, ಇವ್ನಿಗ್ ಹೇಳಿ ಪ್ರಯೋಜ್ನ ಇಲ್ಲ” ಎಂದು ಅಜ್ಜಿ ನನ್ನ ಕಡೆ ತಿರುಗಿದರು. “ಮದ್ವೆ ಆಗಿ ಮೂರ್ ತಿಂಗ್ಳಿಗೆ ಇವ್ರಪ್ಪ ಕೃಷ್ಣಗಿರಿ ತಾವ ಮಾವಿನ್ ತೋಪು ಕಾಯಾಕ್ ಒಪ್ಕೊಂಡ್ರು. ನನ್ನೂ ಕರ್ಕಂಡೋದ್ರು. ತೋಪ್ನಾಗೊಂದ್ ಗುಡ್ಲು. ನಾನು, ಅವ್ರು. ಅತ್ತೆ ಇಲ್ಲ, ನಾದ್ನಿ ಇಲ್ಲ, ಇವ್ನಂತೂ ಇಲ್ವೇ ಇಲ್ಲ. ಗಿಣಿ ಬತ್ತಿದ್ವು ನೋಡು, ಹಿಂಡಿಂಡು. ಓಡ್ಸಾಕೆ ತೋಪಿನ್ ಆ ತುದಿಗ್ ಅವ್ರು ಡಬ್ಬ ಬಡ್ಯಾದು, ಈ ತುದಿಗ್ ನಾನ್ ಬಡ್ಯಾದು.”

“ಗಿಣಿ ಹೋಗ್ತಿದ್ವಾ ಅಜ್ಜಿ?”

“ಗಿಣಿ ಯಾವಾಗ್ಲೋ ಹೋಗ್ಬುಡ್ತಿದ್ವು. ನಾವ್ ನಿಲ್ಲುಸ್ತಿರ್ಲಿಲ್ಲ. ಅವ್ರು ಎಲ್ಡೇಟು ಬಡುದ್ರೆ ನಾನ್ ಎಲ್ಡೇಟು. ಅವ್ರು ಮೂರ್ ಬಡುದ್ರೆ ನಾನ್ ಮೂರು. ಮದ್ಯಾನೆಲ್ಲ ಇದೇ ಆಟ. ಒಂದಿನ ತೋಪಿನ್ ಯಜಮಾನ ಬಂದು ಮರುದ್ ಕೆಳ್ಗೆ ನಿಂತ್ಕಂಡು, ಮ್ಯಾಕ್ ನೋಡ್ತಾನೆ, ಸುತ್ತ ನೋಡ್ತಾನೆ, ‘ಏನಮ್ಮಾ, ಗಿಣಿ ಒಂದೂ ಕಾಣಲ್ಲ, ಇಬ್ರೂ ಯಾತುಕ್ ಹಿಂಗ್ ಬಡೀತಿದೀರಿ?’ ಅಂದ. ಯೋ, ನಾನ್ ನಾಚ್ಕೆಗೆ ಗುಡ್ಲೊಳಗ್ ಸೇರ್ಕಂಡೋಳು ಅವ್ನ್ ಹೋಗಾಗಂಟ ಈಚಿಗ್ ಬರ್ಲಿಲ್ಲ!”

ಅಜ್ಜಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಒಳಗಿಂದ ಬಂದು ನಿಂತಿದ್ದ ಸೊಸೆ ನಕ್ಕರು. ನನ್ನ ಗಂಡ ಅಷ್ಟು ನಕ್ಕಿದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

“ಎಲ್ಡ್ ವರ್ಸ, ಎಲ್ಡ್ ಕಾಯ್ಕಾಲ ಅಲ್ಲೇ ಇದ್ವಿ. ಆಮ್ಯಾಕ್ ಇವ್ನ್ ಬಂದ. ಆಟ ಮುಗೀತು” ಎಂದು ಅಜ್ಜಿ ಮಗನ ಬೆನ್ನಿಗೆ ಒಂದು ಗುದ್ದು ಕೊಟ್ಟರು.

ಅಣ್ಣ ಆ ಕಥೆಯನ್ನು ಅವತ್ತೇ ಮೊದಲ ಸಲ ಕೇಳಿದ್ದು. ಅವರು ಹಾಳೆಯನ್ನೇ ನೋಡುತ್ತ ಕೂತಿದ್ದರು. ಅರವತ್ತೇಳರ ಹಾಳೆಯಲ್ಲಿ ಮಾವಿನಹಣ್ಣಿನ ಚಿತ್ರದ ಒಂದು ಚೀಟಿಯಿತ್ತು. ಚಿಮಟದಲ್ಲಿ ಹಿಡಿಯದೆ ಬೆರಳಿನಿಂದಲೇ ತೋರಿಸಿದರು. ಚೀಟಿಗೆ ಬೆರಳು ತಾಗಿಸುವವರನ್ನು ಕಂಡರೆ ಕೈಗೆ ಹೊಡೆಯುತ್ತಿದ್ದ ಮನುಷ್ಯ. ಅಜ್ಜಿ ಬಗ್ಗಿ ನೋಡಿ, “ನಮ್ ತೋಪಿಂದೇ ಕಣ್ಲಾ ಇದು, ಬಣ್ಣ ನೋಡು” ಎಂದು ತೀರ್ಪು ಕೊಟ್ಟರು.

ಅಣ್ಣ ಎರಡೂ ಹಳದಿ ಚೀಟಿಗಳನ್ನು ಕಿತ್ತರು. ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು, “ಅಪ್ಪ ಬಡೀತಿದ್ ಜಾಗುಕ್ಕೂ ನೀನ್ ಬಡೀತಿದ್ ಜಾಗುಕ್ಕೂ ಎಷ್ಟ್ ದೂರ ಇತ್ತವ್ವ?” ಎಂದು ಕೇಳಿದರು.

“ಸುಮಾರ್ ದೂರ ಇತ್ತಪ್ಪ.”

ನಾನು ಅಭ್ಯಾಸದಂತೆ ತಲೆಯೆತ್ತಿದೆ. ಅಣ್ಣ ಎರಡೂ ಹಾಳೆಗಳ ಕೆಳಗೆ ಬರೆದರು: ‘ಅವ್ವ, ಅಪ್ಪ ಮಾವಿನ ತೋಪಿನಲ್ಲಿ. ಇಬ್ಬರ ನಡುವೆ ಸುಮಾರು ದೂರ. ನಾನಿನ್ನೂ ಬಂದಿರಲಿಲ್ಲ.’

ಮಾರನೆಯ ದಿನವೇ ಅರ್ಜಿ ಹೋಯಿತು. ಅರವತ್ತಾರರಿಂದ ನಿವೃತ್ತಿಯ ವರ್ಷದವರೆಗೆ. ಮೇ ಮೂವತ್ತೊಂದರಂದು ಅವರಿಗೆ ಹಾರ ಹಾಕಿ, ಒಂದು ಗಡಿಯಾರ ಕೊಟ್ಟು ಕಳಿಸಿದೆವು. ಹಾರದ ಎರಡೂ ಕಡೆ ಸಮವಾಗಿಲ್ಲ ಎಂದು ಎತ್ತಿ ಸರಿಮಾಡಿಕೊಂಡರು. ಎರಡು ವರ್ಷ ಮೊದಲೇ ಹೋಗುತ್ತಿದ್ದೇನೆ ಎಂಬ ನೋವಿನ ಮಾತು ಅವತ್ತು ಅವರ ಬಾಯಲ್ಲಿ ಬರಲಿಲ್ಲ. ಆದರೆ ಗೇಟಿನ ಹತ್ತಿರ ನನಗೊಬ್ಬಳಿಗೇ, “ಇನ್ನೇನಿಲ್ಲ ಕಣಮ್ಮ. ಕೊನೇ ಹಾಳೆ ಅಂಟುಸ್ಬುಟ್ಟೆ. ಈ ಕಡೆ ಕೆಲ್ಸಾನೂ ಮುಗೀತು, ಆ ಕಡೆ ಸಂಗ್ರಹಾನೂ ಮುಗೀತು. ನಾಳೆಯಿಂದ ಬೆಳಗ್ಗೆ ಎದ್ದು ಏನ್ ಮಾಡಾದು ಅಂತ ನೋಡ್ಬೇಕು” ಅಂದರು. ನಗುನಗುತ್ತಲೇ ಅಂದರು. ನಾನು ಮನೆಗೆ ಬಂದು ಅತ್ತೆ.

ಪ್ರದರ್ಶನ ಜುಲೈಯ ಒಂದು ಭಾನುವಾರ, ಕೃಷ್ಣಗಿರಿಯ ಕಲ್ಯಾಣಮಂಟಪವೊಂದರಲ್ಲಿ. ಸಾಲಾಗಿ ನಿಲ್ಲಿಸಿದ ಹಲಗೆಗಳ ಮೇಲೆ ಅಣ್ಣನ ಐವತ್ತೊಂಬತ್ತು ಹಾಳೆಗಳು, ಒಂದರ ಪಕ್ಕ ಒಂದು, ಮಟ್ಟಗೋಲು ಇಟ್ಟು ನೋಡಿದರೂ ತಪ್ಪು ಸಿಗದ ಹಾಗೆ. ಕೊನೆಯಲ್ಲಿ ಬೇರೊಂದು ಬಿಳಿ ಹಾಳೆ, ಅದರ ನಡುವೆ ದಪ್ಪ ಅಕ್ಷರದಲ್ಲಿ ‘ಮುಕ್ತಾಯ’. ಅಜ್ಜಿ ಹೊಸ ಸೀರೆಯುಟ್ಟು ಬಂದಿದ್ದರು. ಮೊದಲ ಹಾಳೆಯ ಮುಂದೆ ನಿಂತು ಬಂದವರಿಗೆಲ್ಲ ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಗಿಣಿಯ ಕಥೆ ಹೇಳುತ್ತಿದ್ದರು. ಅಣ್ಣ ಮುಜುಗರದಿಂದ ಕಂಬದ ಹಿಂದೆ ನಿಂತಿದ್ದರೂ ಕಿವಿ ಇತ್ತಲೇ ಇತ್ತು.

ತೀರ್ಪುಗಾರರು ಬಂದರು. ಕನ್ನಡಕ ಹಾಕಿದ್ದ ಹಿರಿಯ ತಮಿಳರು, ಕೈಯಲ್ಲಿ ಅಂಕದ ಹಾಳೆ. ಅಣ್ಣ ಅವರ ಜೊತೆ ಮೊದಲಿಂದ ಕೊನೆಯವರೆಗೆ ನಡೆದರು, ನಾವು ಹಿಂದೆ. ಕೊನೆಯ ಬಿಳಿ ಹಾಳೆಯ ಮುಂದೆ ಎಲ್ಲರೂ ನಿಂತಾಗ ಅಜ್ಜಿ ನನ್ನ ಮೊಣಕೈ ತಿವಿದರು.

“ಇದ್ರಾಗೇನ್ ಬರ್ದೈತೆ? ಚೀಟಿನೇ ಇಲ್ವಲ್ಲ.”

“ಮುಗೀತು ಅಂತ ಬರೆದಿದಾರೆ ಅಜ್ಜಿ.”

“ಏನ್ ಮುಗೀತು?”

“ಸಂಗ್ರಹ. ಅಣ್ಣ ರಿಟೈರ್ ಆದ್ರಲ್ಲ, ಅಲ್ಲಿಗೆ ಕೊನೆ.”

ಅಜ್ಜಿ ಮಗನ ಅಂಗಿಯ ತೋಳು ಹಿಡಿದು ತಿರುಗಿಸಿದರು. ಮಂಟಪಕ್ಕೆಲ್ಲ ಕೇಳುವ ಗಂಟಲು.

“ಅದೆಂಗ್ಲಾ ಮುಗುಸ್ತೀಯಾ? ಎಲ್ಡ್ ತುದೀಗೂ ಒಂದೇ ಅಳತೆ ಇರ್ಬೇಕು ಅಂತ ನೀನೇ ಅವತ್ತು ಮಂಚುದ್ ಮ್ಯಾಲೆ ಕೂತ್ಕಂಡ್ ಹೇಳ್ದೆ. ಆ ತುದಿ ನಂದು. ನಾನಿದ್ದೆ ಅಂತ ತಾನೇ ಅದುನ್ ಇಟ್ಟಿರಾದು? ಈ ತುದಿ ನಿಂದ್ ಹೆಂಗಾಯ್ತದೆ? ನಾನಿನ್ನೂ ಇಲ್ಲೇ ಇವ್ನಲ್ಲಾ, ಕಣ್ ಕಾಣಲ್ವಾ?”

ತೀರ್ಪುಗಾರರು ಅಣ್ಣನನ್ನು ನೋಡಿದರು. “ಅಮ್ಮಾ ಎನ್ನ ಸೊಲ್ರಾಂಗ?”

ಅಮ್ಮ ಏನು ಹೇಳುತ್ತಿದ್ದಾರೆ ಎಂಬುದಕ್ಕೆ ಅಣ್ಣ ಉತ್ತರ ಕೊಡುವ ಮೊದಲೇ ಅಜ್ಜಿ ತಾವೇ ಕೊಟ್ಟರು. “ನಾನ್ ಇನ್ನುಂ ಇರುಕ್ಕೇನ್, ಅದತ್ತಾನ್ ಸೊನ್ನೇನ್.” ನಾನಿನ್ನೂ ಇದ್ದೇನೆ, ಅದನ್ನೇ ಹೇಳಿದೆ.

ಅಣ್ಣ ತಾಯಿಯ ಮುಖ ನೋಡಿದರು. ಮೊದಲ ಹಾಳೆಯ ಕಡೆ ನೋಡಿದರು, ಕೊನೆಯದರ ಕಡೆ ನೋಡಿದರು. ಅವರ ತಲೆಯಲ್ಲಿ ಲೆಕ್ಕ ಓಡುತ್ತಿರುವುದು ನಮಗೆಲ್ಲ ಕಾಣುತ್ತಿತ್ತು. ಎಲ್ಲೂ ತಪ್ಪು ಸಿಗಲಿಲ್ಲ ಅಂತ ಕಾಣುತ್ತದೆ. ಕಿವಿಯವರೆಗೂ ನಗು ಹಬ್ಬಿತು. ಕೈ ಚಾಚಿ ‘ಮುಕ್ತಾಯ’ದ ಹಾಳೆಯನ್ನು ಹಲಗೆಯಿಂದ ಬಿಡಿಸತೊಡಗಿದರು.

ತೀರ್ಪುಗಾರರು ಗಾಬರಿಯಾದರು. ಹಲಗೆಗೆ ಏರಿಸಿದ ಮೇಲೆ ಏನೂ ಬದಲಾಯಿಸುವಂತಿಲ್ಲ, ಕೊನೆಯಿಲ್ಲದ ಸಂಗ್ರಹಕ್ಕೆ ಅಂಕ ಕಡಿಮೆಯಾಗುತ್ತದೆ ಎಂದು ತಮಿಳಿನಲ್ಲಿ ಎಚ್ಚರಿಸಿದರು. “ಕೊರಚ್ಚುಕ್ಕೋಂಗ ಸಾರ್” ಅಂದರು ಅಣ್ಣ, ಕಡಿಮೆ ಮಾಡಿಕೊಳ್ಳಿ ಎಂದು. ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. ಬಹುಮಾನ ಬರಲಿಲ್ಲ. ತಾಯಿ ಮಗ ಇಬ್ಬರೂ ದಾರಿಯುದ್ದಕ್ಕೂ ಮಾವಿನಹಣ್ಣು ತಿನ್ನುತ್ತ ಊರಿಗೆ ಹೋದರು.

ಸೋಮವಾರ ಬೆಳಗ್ಗೆ ಹತ್ತಕ್ಕೆ, ಮನುಷ್ಯ ಹೇಗಿದ್ದಾರೋ ಎಂದು ಆಫೀಸಿನಿಂದ ಫೋನು ಮಾಡಿದೆ. ಹಿಂದೆ ಗಲಾಟೆ ಕೇಳುತ್ತಿತ್ತು.

“ಎಲ್ಲಿದೀರಣ್ಣ?”

“ಹೊಸೂರು ಪೋಸ್ಟಾಪೀಸ್ನಾಗೆ ಇವ್ನಿ ಕಣಮ್ಮ, ಕ್ಯೂನಾಗೆ. ಮೇ ಮೂವತ್ತೊಂದುಕ್ಕೇ ನಿಲ್ಲುಸ್ಬುಟ್ಟಿದ್ನಲ್ಲ, ಅಲ್ಲಿಂದೀಚಿಗ್ ಯಾವ್ಯಾವ್ ಬಂದವೋ ಎಲ್ಲ ತಗಬೇಕು. ಇಡು ಫೋನು, ನನ್ ಸರದಿ ಬಂತು. ಅವ್ವ ಮನ್ಯಾಗ್ ಕಾಯ್ತಾವ್ಳೆ.”